ಕಬಡ್ಡಿ ಅಂಕಣದ ಮೇಲೆ ಭತ್ತ

ನಾನು ಕಾಲೇಜು ಸೇರುವಾಗ ಮೀಸೆ ದಟ್ಟವಾಗಿ ಬಂದಿತ್ತು. ಕಂಪ್ಲಿಯ ಸೈಕಲ್ ಶಾಪಿನಲ್ಲಿ ಕೆಲವು ವರ್ಷ ಪಂಕ್ಚರ್ ಹಾಕಿ, ಆಮೇಲೆ ಓದಿ ಪಾಸಾಗಿ ಹೊಸಪೇಟೆಗೆ ಬಂದವನು. ಹುಡುಗರು ನನ್ನನ್ನು ‘ಮಾವ’ ಎನ್ನುತ್ತಿದ್ದರು. ಆಟದ ಮಾಸ್ತರರು ಮಾತ್ರ ನನ್ನ ತೊಡೆ ನೋಡಿ, “ಇಷ್ಟು ದಿನ ಎಲ್ಲಿದ್ದ್ಯಪಾ?” ಎಂದು ಕಬಡ್ಡಿ ತಂಡಕ್ಕೆ ಸೇರಿಸಿಕೊಂಡರು.

ಕಬಡ್ಡಿ, ಖೋಖೋ, ವಾಲಿಬಾಲ್, ಓಟ, ಗುಂಡು ಎಸೆತ ಎಲ್ಲಕ್ಕೂ ಅವರೊಬ್ಬರೇ. ನೌಕರಿ ಮಾತ್ರ ಟೆಂಪರರಿ. ಆ ವರ್ಷ ಕಾಯಂ ಮಾಡುವ ಮಾತು ಬಂದಿತ್ತು. ಅವರ ಹೆಂಡತಿ ಆಗಲೇ ಪೇಟೆಯಲ್ಲಿ ಬಾಡಿಗೆ ಮನೆ ನೋಡಿಟ್ಟಿದ್ದರು. ಸಹಿ ಹಾಕಬೇಕಾದವರು ಕಾಲೇಜಿನ ಅಧ್ಯಕ್ಷರು, ಅಕ್ಕಿ ಗಿರಣಿಯ ಸಾಹುಕಾರರು.

ಕಾಲುವೆ ನೀರು ಬಂದು ಎರಡು ಬೆಳೆ ಆಗುತ್ತಿದ್ದ ಕಾಲ. ಗಿರಣಿಯ ಅಂಗಳ ಸಾಲದೆ, ಕುದಿಸಿದ ಭತ್ತವನ್ನು ಒಣಗಿಸಲು ನಮ್ಮ ಮೈದಾನಕ್ಕೆ ತಂದು ಸುರುವಿದರು. ಅಂಕಣದ ಗೆರೆಗಳೆಲ್ಲ ಮುಚ್ಚಿಹೋದವು. ಆ ಹುಳಿ ನಾತ ತರಗತಿಯ ಒಳಗೂ ಬರುತ್ತಿತ್ತು. ಅಂತರ ಕಾಲೇಜು ಪಂದ್ಯಕ್ಕೆ ಉಳಿದದ್ದು ಕೆಲವೇ ದಿನ. ಮೈದಾನ ಬಿಟ್ಟುಕೊಡಿ ಎಂದು ಮಾಸ್ತರರು ಕೇಳಲು ಹೋದರು, ಹಿಂದೆ ನಾವು.

ಸಾಹುಕಾರರು ಪ್ರಿನ್ಸಿಪಾಲರ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. “ಹುಡುಗ್ರು ಹೆಂಗೂ ಓಡ್ತಾರಲ್ರೀ. ಭತ್ತದಾಗ ಕಾಲೆಳಕೊಂತ ಓಡಸ್ರಿ. ಭತ್ತ ತಿರುವಿದಂಗೂ ಆತು, ಪ್ರಾಕ್ಟೀಸೂ ಆತು.”

ಪಕ್ಕದಲ್ಲಿದ್ದ ಲೆಕ್ಚರರುಗಳು ನಕ್ಕರು. ಪ್ರಿನ್ಸಿಪಾಲರು ಮೆಲ್ಲಗೆ, “ಹೂಂ ಅನ್ರಿ. ನಿಮ್ಮ ಆರ್ಡರ್ ಸಾಹುಕಾರರ ಟೇಬಲ್ ಮ್ಯಾಲ ಐತಿ,” ಎಂದರು.

ಮಾಸ್ತರರು ಕೊರಳಿನ ಸೀಟಿ ತೆಗೆದು ಜೇಬಿಗಿಟ್ಟರು. “ಆಟ ಇಲ್ದಲ್ಲಿ ನಾ ಸೀಟಿ ಊದಂಗಿಲ್ರಿ. ಹಮಾಲ್ರು ಬಜಾರದಾಗ ಸಿಗ್ತಾರ.”

ಮರುದಿನ ಬೆಳಗಿನ ಬಸ್ಸಿಗೆ ನಮ್ಮನ್ನು ಹಂಪಿಗೆ ಕರೆದೊಯ್ದರು. ಹಂಪಿ ಬಜಾರಿನ ಅಗಲವಾದ ಬೀದಿಯಲ್ಲಿ ಸುಣ್ಣದ ಗೆರೆ ಎಳೆದು ಆಡಿಸಿದರು. ಕಲ್ಲು ಮಂಟಪದಲ್ಲಿ ಅಂಗಡಿ ಇಟ್ಟಿದ್ದ ಅಜ್ಜಿ, “ಮೀಸಿ ಬಂದ ಗಂಡ್ಸು, ಹುಡುಗ್ರ ಕಾಲು ಹಿಡೀತೀಯಲ್ಲೋ,” ಎಂದು ನನ್ನನ್ನು ಅಣಕಿಸಿದಳು. ಮಾಸ್ತರರು ನಕ್ಕದ್ದನ್ನು ಆ ವಾರ ನೋಡಿದ್ದು ಆಗ ಮಾತ್ರ.

ಪಂದ್ಯದಲ್ಲಿ ಎರಡನೇ ಸುತ್ತಿಗೇ ಸೋತೆವು. ಬೇಸಿಗೆ ಕಳೆದರೂ ಕಾಯಂ ಆರ್ಡರ್ ಬರಲಿಲ್ಲ. ರಿಸಲ್ಟ್ ಇಲ್ಲ ಎಂದು ಕಾರಣ ಕೊಟ್ಟರು. ಮೈದಾನಕ್ಕೆ ಭತ್ತ ಸುರುವಿದವರೇ ರಿಸಲ್ಟ್ ಕೇಳಿದರು. ಮಾಸ್ತರರು ಸಂಡೂರಿನ ಗಣಿಯೊಂದರಲ್ಲಿ ಲಾರಿ ತೂಗುವ ಕೆಲಸಕ್ಕೆ ಹೋದರು. ಅಂದು ನಕ್ಕಿದ್ದ ಲೆಕ್ಚರರುಗಳೇ ಹಾರ ತಂದು ಬೀಳ್ಕೊಟ್ಟರು. ಆ ಹಾರದ ಚೆಂಡುಹೂವಿನ ವಾಸನೆಗಿಂತ ಕುದಿಸಿದ ಭತ್ತದ ನಾತವೇ ವಾಸಿ ಅನಿಸಿತು ನನಗೆ.

ಮುಂದಿನ ಸುಗ್ಗಿಗೆ ಹೊಸ ಮಾಸ್ತರು ಸೀಟಿ ಊದಿದ. ಹುಡುಗರು ಚಪ್ಪಲಿ ಬಿಟ್ಟು ಸಾಲಾಗಿ ಭತ್ತಕ್ಕಿಳಿದು ಕಾಲೆಳೆದರು. ವರಾಂಡದಲ್ಲಿ ಸಾಹುಕಾರರು, “ಶಿಸ್ತಂದ್ರ ಇದು ನೋಡ್ರಿ,” ಎನ್ನುತ್ತಿದ್ದರು. ನಾನು ಚಪ್ಪಲಿ ಬಿಡಲಿಲ್ಲ.

“ಯಾಕಲೇ ಮಾವ, ಕಬಡ್ಡಿ ಬ್ಯಾಡೇನು?” ಎಂದ ಹೊಸ ಮಾಸ್ತರು.

“ಕಬಡ್ಡಿ ಬೇಕ್ರಿ,” ಎಂದೆ. “ಅಂಕಣ ಎಲ್ಲೈತಿ ತೋರಸ್ರಿ, ಇಳೀತೀನಿ.”

ಅವನು ಮತ್ತೆ ಸೀಟಿ ಊದಿದ. ನಾನು ಗೇಟಿನ ಕಡೆ ನಡೆದೆ.