ರೊಟ್ಟಿ ಪಂಚಮಿಯ ಡೋಲು

ನನ್ನ ತಮ್ಮ ಜೇವರ್ಗಿಗೆ ಬಂದು, ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಗೊಬ್ಬೂರಿಗೆ ಕರೆತರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಪಂಚಮಿಗೆ ತವರಿಗೆ ಬಂದಾಗ ನಾನು ಮೊದಲು ನೋಡುವುದು ಅಂಗಳದ ಬೇವಿನ ಗಿಡವನ್ನು. ಜೋಕಾಲಿ ಕಟ್ಟಿರಲಿಲ್ಲ. ಟೊಂಗೆಯ ಮೇಲೆ ಯಾರದೋ ಟವೆಲ್ಲು ಒಣಗುತ್ತಿತ್ತು.

"ಲೇ, ಹಗ್ಗ ಎಲ್ಲದ?" ಅಂದೆ.

"ಈ ವರ್ಸ ಅದಕ್ಕಿಂತ ಭಾರಿ ಸಾಮಾನು ಬಂದದ. ಒಳಗ ಬಾ ಅಕ್ಕಾ," ಅಂದ ತಮ್ಮ.

ಪಡಸಾಲೆಯಲ್ಲಿ ಟಿವಿಯ ತಲೆಯ ಮೇಲೆ ಒಂದು ಕಪ್ಪು ಡಬ್ಬಿ ಕೂತಿತ್ತು. ವಿಡಿಯೋ ಗೇಮಂತೆ. ಕೈಯಲ್ಲಿ ಏನೂ ಹಿಡಿಯಬೇಕಿಲ್ಲ. ಡಬ್ಬಿಯ ಕ್ಯಾಮೆರಾ ನಮ್ಮನ್ನು ನೋಡುತ್ತದೆ, ನಾವು ಕುಣಿದರೆ ಪರದೆಯ ಮೇಲಿನ ಗೊಂಬೆಯೂ ಕುಣಿಯುತ್ತದೆ. ಕಳಿಸಿದವನು ತಮ್ಮನ ಹೆಂಡತಿಯ ಅಣ್ಣ, ಇಜೇರಿಯವನು. ತಂಗಿಗೆ ಪಂಚಮಿಯ ಕಾಣಿಕೆ ಎಂದು ಪಾರ್ಸೆಲ್ ಮಾಡಿದ್ದನಂತೆ.

ನನಗೆ ನನ್ನ ತಮ್ಮ ಕೊಡುವುದು ವರ್ಷಕ್ಕೊಂದು ಜಂಪರಿನ ಬಟ್ಟೆ, ಅದೂ ನನ್ನ ಯಾವ ಸೀರೆಗೂ ಹೊಂದದ ಬಣ್ಣದ್ದು. ಇವಳಿಗೆ ನೋಡಿದರೆ ವಿಡಿಯೋ ಗೇಮು! ಅದು ಹೋಗಲಿ. ವರ್ಷವಿಡೀ ಅವ್ವ ಇವಳ ಪಾಲಿಗೆ. ಇವಳಿಗೆ ನೆಗಡಿಯಾದರೆ ಅವ್ವನ ಕಷಾಯ, ಇವಳ ತಲೆಗೆ ಅವ್ವನ ಎಣ್ಣೆಯ ಕೈ. ನನಗೆ ಅವ್ವ ಸಿಗುವುದು ಪಂಚಮಿಯ ನಾಲ್ಕು ದಿನ. ಬೇರೆ ವರ್ಷವಾದರೆ ನಾನು ಬರುವಷ್ಟರಲ್ಲಿ ಇವಳು ತನ್ನ ತವರು ಇಜೇರಿಗೆ ಹೋಗಿರುತ್ತಿದ್ದಳು. ಜೋಕಾಲಿಯ ಹಲಗೆಯ ಮೇಲೆ ಅವ್ವ ಒಂದು ತುದಿಗೆ, ನಾನೊಂದು ತುದಿಗೆ ಎದುರುಬದುರು ನಿಂತು ಜೀಕುತ್ತಿದ್ದೆವು. ಈ ಸಲ ನನ್ನ ನಾಲ್ಕು ದಿನಕ್ಕೂ ಕಾಲು ಚಾಚಿಕೊಂಡು ಇಲ್ಲೇ ಕೂತಿದ್ದಳು. ಯಾಕೆ ಎಂದು ನಾನೂ ಕೇಳಲಿಲ್ಲ.

"ಬರ್ರಿ ಅಕ್ಕಾ, ಆಡೂಣು," ಅಂದಳು.

ಆಡದೆ ಬಿಡುತ್ತೇನೆಯೇ? ಸೆರಗು ಬಿಗಿದು ನಿಂತೆ. ಆ ಡಬ್ಬಿ ನನ್ನನ್ನು ಮನುಷ್ಯಳೆಂದು ಒಪ್ಪಲೇ ಇಲ್ಲ. ಅದಕ್ಕೆ ಎರಡು ಕಾಲು ಬೇರೆಬೇರೆ ಕಾಣಬೇಕಂತೆ. ಸೀರೆ ಉಟ್ಟವಳು ಎಲ್ಲಿಂದ ತರಲಿ? ಚೂಡಿದಾರ ಹಾಕಿದ್ದ ಅವಳನ್ನು ಮಾತ್ರ ಥಟ್ಟನೆ ಗುರುತಿಸಿತು. ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ ಮೇಲೆ ನನ್ನ ಗೊಂಬೆಯೂ ಬಂತು, ಸೊಂಟದಿಂದ ಮೇಲಷ್ಟೇ. ನಾನು ಬಲಗೈ ಎತ್ತಿದರೆ ಅದು ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು ಯೋಚಿಸಿ ಎಡಗೈ ಎತ್ತುತ್ತಿತ್ತು. ಚೆಂಡು ಬಂದು ಹೋದ ಮೇಲೆ ಹಿಡಿಯಲು ಕೈ ಚಾಚುತ್ತಿತ್ತು. ನಾನು ಸುಮ್ಮನೆ ನಿಂತಾಗ ಗಾಳಿಗೆ ಕಿಟಕಿಯ ಪರದೆಬಟ್ಟೆ ಅಲ್ಲಾಡಿದರೆ ಸಾಕು, ನನ್ನ ಗೊಂಬೆ ಆಟದೊಳಗಿನ ಬಾವಿಗೆ ಜಿಗಿದು ಸಾಯುತ್ತಿತ್ತು.

"ಈ ಡಬ್ಬಿ ಬರೋಬರಿ ಇಲ್ಲ," ಅಂದೆ.

"ಕುಣಿಯಾಕ ಬರಲಾರದಾಕಿ ನೆಲ ಡೊಂಕ ಅಂದ್ಲಂತ," ಎಂದು ತಮ್ಮ ನಕ್ಕ.

"ನೀ ಬಾಯಿ ಮುಚ್ಚಲೇ!"

ಆಮೇಲೆ ಡೋಲಿನ ಆಟ ಬಂತು. ಗೊಂಬೆಗಳ ಮುಂದೆ ಒಂದೊಂದು ಡೋಲು. ಕೈ ಆಡಿಸಿದಂತೆಲ್ಲ ಅಂಕ ಏರಬೇಕು. ನಾನು ಬಳೆ ಒಡೆಯುವಂತೆ ಬಡಿದೆ. ನನ್ನ ಡೋಲು ಎಲ್ಲೋ ಒಮ್ಮೆ ಢಂ ಎನ್ನುತ್ತಿತ್ತು. ಅವಳ ಡೋಲು ಮಾತ್ರ ಬಿಡುವಿಲ್ಲದೆ ಮೊಳಗುತ್ತಿತ್ತು. ತಿರುಗಿ ನೋಡಿದರೆ ಆ ಪುಣ್ಯಾತ್ಗಿತ್ತಿ ನಿಂತಲ್ಲೇ ಚೊಂಬೆತ್ತಿ ನೀರು ಕುಡಿಯುತ್ತಿದ್ದಾಳೆ!

"ಅಲಲಲಾ! ಕೈನೇ ಆಡಸವಲ್ಲಿ, ಅಂಕ ಹ್ಯಾಂಗ್ ಬರಾಕತ್ತಾವ?"

ಅವಳೂ ಕಣ್ಣು ಬಿಟ್ಟಳು. ಆಗ ನನಗೆ ಅವಳ ಹಿಂದಿನ ಸದ್ದು ಕೇಳಿಸಿತು. ಪಟಪಟ, ಪಟಪಟ. ಅವತ್ತು ರೊಟ್ಟಿ ಪಂಚಮಿ. ಮರುದಿನ ನಾಗಪ್ಪನಿಗೆ ಹಾಲೆರೆಯುವ ದಿನ ಒಲೆಯ ಮೇಲೆ ಹಂಚು ಇಡುವಂತಿಲ್ಲ. ಅದಕ್ಕೆ ಹಿಂದಿನ ದಿನವೇ ರಾಶಿ ರೊಟ್ಟಿ ಬಡಿದಿಡುತ್ತೇವೆ. ಅವಳು ನಿಂತ ಜಾಗದ ನೇರ ಹಿಂದೆ ಅಡುಗೆಮನೆಯ ಬಾಗಿಲು, ಬಾಗಿಲಾಚೆ ನೆಲದ ಮೇಲೆ ಅವ್ವ. ಆ ಕುರುಡು ಡಬ್ಬಿ ಅವ್ವನ ಕೈಗಳನ್ನು ಅವಳ ಕೈಗಳೆಂದು ತಿಳಿದಿತ್ತು. ಅವ್ವ ರೊಟ್ಟಿ ಬಡಿದಷ್ಟೂ ಸೊಸೆಗೆ ಅಂಕ.

ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಉರಿಯಿತು. ಅವ್ವನ ಕೈಯೆಲ್ಲ ಅವಳ ಪಾಲಿಗೇ ಎನ್ನುವುದು ಆ ಡಬ್ಬಿಗೂ ಗೊತ್ತಾಗಿಬಿಟ್ಟಿತೆ?

"ನಿಂದು ಬಿಡವ್ವ," ಅಂದೆ. "ಅವ್ವನೂ ನಿನ್ನಾಕಿನೇ, ಡೋಲೂ ನಿಂದೇ. ಅಣ್ಣ ಅಂದ್ರ ನಿಮ್ಮಣ್ಣನಂಥಾವ ಇರಬೇಕು, ಎಂಥಾ ಕಾಣಿಕಿ ಕಳಿಸ್ಯಾನ! ನನಗ್ಯಾರು ಕಳಸ್ತಾರ?"

ಅವಳು ಚೊಂಬು ಕೆಳಗಿಟ್ಟಳು.

"ಬದಲಿ ಮಾಡ್ಕೊಳ್ಳೂಣೇನ್ರಿ ಅಕ್ಕಾ?" ಅಂದಳು. ದನಿ ಸಣ್ಣದಿತ್ತು. "ಈ ಡಬ್ಬಿ ನೀವು ಜೇವರ್ಗಿಗಿ ಒಯ್ರಿ. ನಿಮ್ಮ ತಮ್ಮ ಗಾಡಿ ತಗೊಂಡು ಕರಿಯಾಕ ಬರ್ತಾರಲ್ಲ, ಅದನ್ನ ನನಗ ಕೊಡ್ರಿ. ನಮ್ಮಪ್ಪ ಇರೂತನಾ ಕರಿಯಾಕ ಬರ್ತಿದ್ರು. ಈ ವರ್ಸ ಅಣ್ಣ ಬರ್ತಾನಂತ ನಾನೂ ಮುಂಜಾನಿಂದ ಸೀರಿ ಉಟ್ಟು ಬಾಗಿಲದಾಗ ಕೂತಿದ್ದೆ. ಪಾರ್ಸೆಲ್ ಬಂದ ಮ್ಯಾಲೆ ಸೀರಿ ಬಿಚ್ಚಿಟ್ಟು ಚೂಡಿದಾರ ಹಾಕ್ಕೊಂಡೆ."

ಅಡುಗೆಮನೆಯ ಪಟಪಟ ಸದ್ದು ನಿಂತಿತ್ತು. ಪರದೆಯ ಮೇಲೆ ಅವಳ ಗೊಂಬೆ ಕೈ ಇಳಿಬಿಟ್ಟು ನಿಂತಿತ್ತು. ಜೇವರ್ಗಿಯಿಂದ ಬರುವಾಗ ದಾರಿಯುದ್ದಕ್ಕೂ ನಾನು ತಮ್ಮನಿಗೆ ಬೈದಿದ್ದೆ, ಬೈಕಿನ ಸೀಟು ಗಟ್ಟಿ, ಬೆನ್ನು ನೋವು ಎಂದು. ಅದು ನೆನಪಾಯಿತು.

ಟಿವಿ ಆರಿಸಿದೆ. "ಹೋಗಲೇ, ಹಗ್ಗ ತಗದು ಜೋಕಾಲಿ ಕಟ್ಟು," ಅಂದೆ ತಮ್ಮನಿಗೆ. ಅವನು ಅಟ್ಟ ಹತ್ತಿದ.

ಜೋಕಾಲಿ ಕಟ್ಟಿಯಾದ ಮೇಲೆ ಅವ್ವ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಅಂಗಳಕ್ಕೆ ಬಂದು, ಎಂದಿನಂತೆ ಹಲಗೆಯ ಒಂದು ತುದಿ ಹತ್ತಿ ನನ್ನ ಕಡೆ ನೋಡಿದಳು. ಇನ್ನೊಂದು ತುದಿ ನನ್ನದು. ನನ್ನದೇ. ಇವತ್ತಿಗೂ ಹೇಳುತ್ತೇನೆ, ಅದು ನನ್ನದೇ.

"ನೀ ಹತ್ತ ಬೇ," ಅಂದೆ ತಮ್ಮನ ಹೆಂಡತಿಗೆ.

"ಅಕ್ಕಾ, ನೀವು..."

"ಹತ್ತಂದ್ರ ಹತ್ತು. ಮತ್ತ ನನ್ನ ಮನಸ್ಸು ತಿರಗ್ತದ."

ಹತ್ತಿದಳು. ಹಲಗೆಗೆ ಕಟ್ಟಿದ ಹಗ್ಗ ಹಿಡಿದು ನಾನು ಕೆಳಗೆ ನಿಂತು ಜಗ್ಗಿದೆ. ಜೋಕಾಲಿ ಏರಿತು. ಅವ್ವ ಅವಳ ಮುಖ ನೋಡುತ್ತ ಬಾಯಿ ತುಂಬ ನಕ್ಕಳು, ನನ್ನ ಜೊತೆ ಜೀಕುವಾಗ ನಗುವ ಹಾಗೆಯೇ. ನನ್ನ ಹೊಟ್ಟೆ ಧಗಧಗ ಉರಿಯಿತು. ಇನ್ನೂ ಜೋರಾಗಿ ಜಗ್ಗಿದೆ.