ತಂಗಳ ಸಂಗಟಿಯ ಪಾಲು

ದಾನೇಶ್ವರಿಯನ್ನು ಬಿಸಿ ಊಟಕ್ಕೆ ಕೂರಿಸುವುದೆಂದರೆ ದೊಡ್ಡ ಪಂಚಾಯಿತಿಯೇ! ಮಾನ್ವಿಯ ಆ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ದೇವದುರ್ಗದ ತವರಿನಲ್ಲಿ ಅವಳು ಕಲಿತದ್ದು ಅದೇ: ಬಿಸಿಯದು ಮನೆಯವರಿಗೆ, ನಿನ್ನೆಯದು ಒಲೆ ಮುಂದೆ ಕೂತವಳಿಗೆ. ರಾತ್ರಿ ಉಳಿದ, ಮುದ್ದೆಯಂಥ ಜೋಳದ ಸಂಗಟಿಗೆ ಮಜ್ಜಿಗೆ ಹಾಕಿಟ್ಟು, ಮರುದಿನ ಉಳ್ಳಾಗಡ್ಡಿ ಕಚ್ಚಿಕೊಂಡು ಉಣ್ಣುವಳು. ಯಾರಾದರೂ ಬೈದರೆ, "ಹೊಟ್ಟಿಗಿ ತಂಪು ಬಿಡ್ರಿ" ಎಂದು ನಕ್ಕುಬಿಡುವಳು. ಅವಳದೋ, ಕಲ್ಲು ತಿಂದರೂ ಅರಗಿಸಿಕೊಳ್ಳುವ ಹೊಟ್ಟೆ.

ಗಂಡ ಆದೆಪ್ಪನೂ ಮೊದಲು ಹಾಗೇ ಇದ್ದ. ರೈಸ್ ಮಿಲ್ಲುಗಳಿಗೆ ಭತ್ತದ ಚೀಲ ಹೇರಿಕೊಂಡು ಟೆಂಪೊ ಹೊಡೆಯುತ್ತಿದ್ದ ಗಟ್ಟಿ ಆಳು. ಅನ್ನನಾಳದ ಕೆಳತುದಿಯಲ್ಲಿ ಗಂಟು ಕಂಡು, ಚಳಿಗಾಲದಲ್ಲಿ ರಾಯಚೂರಿನ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಗಂಟಿನ ಜೊತೆ ಜಠರದ ಬಹುಪಾಲೂ ಹೋಯಿತು. ಆಮೇಲೆ ಅವನಿಗೆ ಊಟವೆಂದರೆ ಬೇಸರ. ದಾನೇಶ್ವರಿ ಹೊತ್ತುಹೊತ್ತಿಗೆ ಬಿಸಿ ಗಂಜಿ, ಮೆತ್ತನೆಯ ಅನ್ನ ಮಾಡಿ ಮುಂದಿಡುವಳು. ಎರಡು ತುತ್ತಿಗೇ ತಟ್ಟೆ ಸರಿಸುವನು. ತಾನಾಗಿ ಏನನ್ನೂ ಬೇಡುತ್ತಿರಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ಅವಳು ತಂಗಳ ಉಣ್ಣಲು ಕೂತಾಗ ಆದೆಪ್ಪ ಕೇಳಿಯೇಬಿಟ್ಟ.

"ನನಗೂ ಒಂದೀಟು ಕೊಡಬೇ. ಬಾಯಿ ಸಪ್ಪಗ ಆಗ್ಯಾದ."

ಅಬ್ಬಾ, ಬಾಯಿಬಿಟ್ಟು ಕೇಳಿದನಲ್ಲ! ಆಗಿಂದಾಗ ಮಾಡಿದ್ದನ್ನೇ ಕೊಡಬೇಕೆಂದು ಡಾಕ್ಟರು ಹೇಳಿದ್ದು ನೆನಪಿತ್ತು. ಆದರೆ ಮೆತ್ತಗಿದೆ, ತಂಪು ಬೇರೆ, ಇದರಿಂದ ಏನಾದೀತು ಅಂದುಕೊಂಡಳು. ತನ್ನ ತಟ್ಟೆಯಿಂದಲೇ ತುತ್ತು ಕೊಟ್ಟಳು. ಅವನು ಇನ್ನೊಂದು ಬೇಡಿದ. ಅವಳ ಕಣ್ಣಲ್ಲಿ ನೀರೇ ಬಂತು.

ಮಧ್ಯಾಹ್ನಕ್ಕೆ ವಾಂತಿ ಶುರುವಾಯಿತು. ಒಂದರ ಹಿಂದೆ ಒಂದು, ನಿಲ್ಲಲೊಲ್ಲದು. ಸೋತುಹೋದ ಗಂಡನನ್ನು ದಾನೇಶ್ವರಿ ಅಂಗಾತ ಮಲಗಿಸಿ ಗಾಳಿ ಹಾಕತೊಡಗಿದಳು. ಅವನಿಗೆ ಕೆಮ್ಮು ಬಂದು ಉಸಿರು ಕಟ್ಟಿತು. ಪಕ್ಕದ ಮನೆಯ ಬಿಸ್ಮಿಲ್ಲಾ ಬೀ ಓಡಿಬಂದವಳೇ ಹರಿಹಾಯ್ದಳು.

"ಎಬ್ಬಿಸಿ ಕೂಡಸಬೇ! ತಲಿ ಎತ್ತರ ಇಟ್ಟಾ ಮಲಗಸಬೇಕಂತ ನೀನಾ ಹೇಳ್ತಿದ್ದಿಲ್ಲೇನು?"

ಗಾಬರಿಯಲ್ಲಿ ದಾನೇಶ್ವರಿಗೆ ಡಾಕ್ಟರ ಮಾತೆಲ್ಲ ಮರೆತುಹೋಗಿತ್ತು. ಬಿಸ್ಮಿಲ್ಲಾ ಬೀಯ ಗಂಡ ವಲಿ ಪಾಷಾ ತನ್ನ ಆಟೊ ತಂದ. ರಾಯಚೂರಿನವರೆಗೂ ದಾನೇಶ್ವರಿ ಗಂಡನನ್ನು ಎದೆಗಾನಿಸಿ ಕೂರಿಸಿಕೊಂಡೇ ಹೋದಳು. 'ಸೂಗೂರೇಶ್ವರಾ, ನನ್ನ ಕೈತುತ್ತಾ ಇವರ ಜೀವಕ್ಕ ಎರವಾಗೋದು ಬ್ಯಾಡಪಾ' ಎಂದು ದಾರಿಯುದ್ದಕ್ಕೂ ಬೇಡಿಕೊಂಡಳು.

ಏನು ತಿಂದಿರಿ ಎಂದು ಡಾಕ್ಟರು ಕೇಳಿದರು.

"ಹೋಟೆಲಿನಾಗ ಮಿರ್ಚಿ ಭಜಿ ತಿಂದಿದ್ದೆ," ಎಂದ ಆದೆಪ್ಪ, ಕಣ್ಣು ಮುಚ್ಚಿಕೊಂಡೇ.

"ಸುಳ್ಳ್ರೀ ಸಾಹೇಬ್ರ! ತಂಗಳ ಸಂಗಟಿ, ನಾನಾ ಉಣ್ಣಿಸೀನಿ."

ಡಾಕ್ಟರು ಬೈಯಲಿಲ್ಲ. "ಹೊಟ್ಟ್ಯಾಗಿನ ಹುಳಿರಸ ಕೆಟ್ಟ ಕ್ರಿಮಿ ಕೊಲ್ಲತದವ್ವಾ. ನಿಮಗದು ಅದ, ಇವರಿಗೆ ಇಲ್ಲ. ಮಲಗಿಸಿದ್ರ ವಾಂತಿ ಶ್ವಾಸಕೋಶಕ್ಕ ಇಳೀತದ. ಕೂಡಿಸಿಕೊಂಡು ಬಂದ್ರಿ, ಜೀವ ಉಳೀತು," ಎಂದರು.

ಸಲಾಯಿನ್ ಏರಿಸಿ, ಸುಧಾರಿಸಿಕೊಂಡ ಮೇಲೆ ಮನೆಗೆ ಕಳಿಸಿದರು. ಮನೆಗೆ ಬಂದ ದಿನ ದಾನೇಶ್ವರಿ ಹೊಸದಾಗಿ ಸಂಗಟಿ ತಿರುವಿ ಗಂಡನಿಗೆ ಚೂರೇ ಚೂರು ಬಡಿಸಿದಳು. ತನಗೆ, ಬಿಸ್ಮಿಲ್ಲಾ ಬೀ ನಿನ್ನೆ ಆಸ್ಪತ್ರೆಗೆ ಕಳಿಸಿದ್ದರಲ್ಲಿ ಉಳಿದ ಅನ್ನದ ಬೋಗುಣಿ ಎಳೆದುಕೊಂಡಳು. ಆದೆಪ್ಪ ಎತ್ತಿದ ತುತ್ತನ್ನು ತಟ್ಟೆಗಿಟ್ಟ.

"ನೀ ಏನು ಉಣ್ತಿ, ನಾನೂ ಅದನ್ನಾ ಉಣ್ತೀನಿ."

"ಹುಚ್ಚರೇನು? ನನ್ನ ಹೊಟ್ಟಿ ಗಟ್ಟಿ ಅದರೀ."

"ಗಟ್ಟಿ ಅದ ಅಂತ್ಹೇಳಿ ಇಷ್ಟು ವರ್ಷ ನಿನಗ ತಂಗಳ ಉಣಿಸಿಬಿಟ್ಟೆನಲ್ಲಬೇ," ಎಂದ ಆದೆಪ್ಪ.

ದಾನೇಶ್ವರಿ ಬೋಗುಣಿ ಸರಿಸಿ, ಹೊಗೆಯಾಡುವ ಸಂಗಟಿ ಹಾಕಿಕೊಂಡು ದೊಡ್ಡ ತುತ್ತೊಂದನ್ನು ಬಾಯಿಗಿಟ್ಟಳು. ನಾಲಿಗೆ ಸುಟ್ಟು ಹಾ ಹಾ ಎಂದಳು.

"ಊದಿಕೊಂಡು ಉಣ್ಣಬೇ," ಎಂದು ಆದೆಪ್ಪ ನಕ್ಕ.

ಮಂದಿಗೆಲ್ಲ ಬಿಸಿಬಿಸಿ ಬಡಿಸಿದವಳಿಗೆ ಊದಿ ಉಣ್ಣುವುದೇ ರೂಢಿಯಿರಲಿಲ್ಲ.