ಸದ್ದಾಗಬಾರದ ಕೋಣೆ

ನಾನು ಎದುರಿಗೆ ಬಂದರೆ ಔರಾದದ ಜನ ತಮ್ಮ ಕುಂಟು, ಕೆಮ್ಮು, ಉಗ್ಗುಗಳನ್ನು ಬಚ್ಚಿಟ್ಟುಕೊಳ್ಳುತ್ತಿದ್ದರು. ಒಮ್ಮೆ ಕಂಡದ್ದು ಸಂಜೆಯೊಳಗೆ ನನ್ನ ಮೈಮೇಲೆ ಬಂದಿರುತ್ತಿತ್ತು. ಕಿರಾಣಿ ಅಂಗಡಿಯಲ್ಲಿ ಅಪ್ಪ ತಕ್ಕಡಿ ಎತ್ತಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಅರಿಷಿಣ ತೂಗುವುದನ್ನು ಗಿರಾಕಿಗಳ ಮುಂದೆಯೇ ಮಾಡಿ ತೋರಿಸಿದ್ದೆ. ಗಿರಾಕಿಗಳು ನಕ್ಕರು, ಅಪ್ಪ ತಕ್ಕಡಿಯಿಂದಲೇ ಬಾರಿಸಿದರು. ಯಾರೂ ಸಿಗದಿದ್ದರೆ ನನ್ನ ನಕಲನ್ನೇ ಮಾಡಿಕೊಳ್ಳುತ್ತಿದ್ದೆ: ಜೋಳದ ದಂಟಿನಂಥ ಕಾಲು, ಮುಂದೆ ಹೋಗಿ ದಾರಿ ಕೇಳುವ ಮೂಗು. ಸಾಲೆಯಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಮೂರರಲ್ಲೂ ಬೈಯಲು ಬರುತ್ತಿತ್ತು, ಒಂದರಲ್ಲೂ ಪಾಸಾಗಲು ಬರಲಿಲ್ಲ.

ಪೊಲೀಸ್ ಆ್ಯಕ್ಷನ್ ಮುಗಿದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಹೊಸತರಲ್ಲಿ ಬೀದರಿನ ಒಂದು ದವಾಖಾನೆಯಲ್ಲಿ ಕೈಗಳು ಸಾಲದಾದವು. ಕೆಲಸದವರಲ್ಲಿ ಕೆಲವರು ಊರು ಬಿಟ್ಟಿದ್ದರು, ಕೆಲವರು ಎಲ್ಲಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ದಖನಿ ಉರ್ದುವೂ ಕನ್ನಡವೂ ಬರುವ ಗಟ್ಟಿ ಆಳು ಬೇಕೆಂದು ಕೇಳಿ ನಾನು ಹೋದೆ. ಗಟ್ಟಿ ಅಲ್ಲದಿದ್ದರೂ ಇಟ್ಟುಕೊಂಡರು. ಅಪ್ಪ ಒಪ್ಪಿದ್ದು ಎರಡೇ ತಿಂಗಳಿಗೆ. ಆಮೇಲೆ ಔರಾದದ ತಹಶೀಲ್ ಕಚೇರಿಯಲ್ಲಿ ನನ್ನನ್ನು ಗುಮಾಸ್ತನಾಗಿ ಕೂಡಿಸುವುದು ಅವರ ಲೆಕ್ಕ. ಲಿಂಗ ಕಟ್ಟಿಕೊಂಡ ಮಗ ಕಂಡವರ ಮಲಮೂತ್ರ ಎತ್ತುತ್ತಾನೆಂದು ಅವ್ವ ಎರಡು ದಿನ ಉಂಡಿರಲಿಲ್ಲ. ನಾನೂ ಮೊದಲ ವಾರ ಸರಿಯಾಗಿ ಉಣ್ಣಲಿಲ್ಲ, ಆದರೆ ನನ್ನದು ವಾಸನೆಯ ಕಾರಣಕ್ಕೆ.

ಅಲ್ಲಿ ನನಗೆ ಮೇಲಿನವರು ಒಬ್ಬ ಹಿರಿಯ ನರ್ಸು. ಕಮಠಾಣದ ಕಡೆಯ ಹೆಣ್ಣುಮಗಳು, ಅವ್ವನ ವಯಸ್ಸು. ಎಲ್ಲರೂ ಬಾಯಾರು ಎನ್ನುತ್ತಿದ್ದರು. ಕೈಯನ್ನು ಸೊಂಟಕ್ಕೆ ಒರೆಸಿಕೊಳ್ಳುತ್ತ ಅವರು ನಡೆಯುವ ರೀತಿಯನ್ನು ನಾನು ಮೂರನೆಯ ದಿನವೇ ಕಲಿತಿದ್ದೆ.

ಆ ದಿನಗಳಲ್ಲಿ ಭಾಲ್ಕಿಯಿಂದ ಒಬ್ಬ ಮುದುಕನನ್ನು ರೈಲಿನಲ್ಲಿ ತಂದು ಬಿಟ್ಟುಹೋದರು. ಭಾಲ್ಕಿ ಸ್ಟೇಷನ್ನಿನಲ್ಲಿ ಟಾಂಗಾ ಹೊಡೆಯುತ್ತಿದ್ದ ಮುಸಲ್ಮಾನ. ಗಲಭೆಯ ದಿನಗಳಲ್ಲಿ ಬರಿಗಾಲಲ್ಲಿ ಓಡಿ ಜೋಳದ ಹೊಲಗಳಲ್ಲಿ ಅಡಗಿದ್ದನಂತೆ. ಜಾಲಿಮುಳ್ಳು ನೆಟ್ಟು ಹಿಮ್ಮಡಿ ಕೀವುಗಟ್ಟಿತ್ತು. ಅವನಿಗೊಬ್ಬ ಮಗನಿದ್ದನಂತೆ, ಆ ಮಗನ ಸುದ್ದಿಯನ್ನು ಯಾರೂ ಕೇಳಲಿಲ್ಲ. ಅಂಥ ಪ್ರಶ್ನೆ ಕೇಳಬಾರದೆಂದು ಆಗ ಎಲ್ಲರೂ ಕಲಿತಿದ್ದರು.

ಬಂದ ಮೂರನೆಯ ದಿನದಿಂದ ಅವನ ಮಾತು ಹಲ್ಲಿನ ಸಂದಿಯಿಂದ ಬರತೊಡಗಿತು. ಚಹಾ ಕೊಟ್ಟರೆ ಅರ್ಧ ಗಲ್ಲದ ಮೇಲೆ ಹರಿಯುತ್ತಿತ್ತು. ಹೆದರ್ಯಾನ ಎಂದರು ಪಕ್ಕದ ಮಂಚದವರು. ಹೆದರ್ಯಾನ ಎಂದ ಕಂಪೌಂಡರ್. ಆ ವಾರ್ಡಿನಲ್ಲಿ ಬಾಯಿ ಬಿಗಿದುಕೊಂಡವನು ಅವನೊಬ್ಬನೇ ಆಗಿರಲಿಲ್ಲವಾದ್ದರಿಂದ ಎಲ್ಲರಿಗೂ ಅದು ಸಹಜವಾಗಿ ಕಂಡಿತು. ನನಗೆ ಮಾತ್ರ ಅದು ಹೊಸ ಸರಕಾಗಿ ಕಂಡಿತು.

ಮಾರನೆಯ ದಿನ ಮಧ್ಯಾಹ್ನ ಪಡಸಾಲೆಯಲ್ಲಿ ಅವನ ನಕಲು ಮಾಡಿದೆ. ಹಲ್ಲು ಕಚ್ಚಿ, ತುಟಿ ಎರಡೂ ಕಡೆ ಎಳೆದು, ಹುಬ್ಬು ಏರಿಸಿ, ನಗುವವನಂತೆ ಕಾಣುತ್ತ ‘ಥೋಡಾ ಪಾನಿ’ ಎಂದೆ. ಬಟ್ಟೆ ಒಗೆಯುವವನು, ಕಂಪೌಂಡರ್, ಊರುಗೋಲಿನ ಇಬ್ಬರು ರೋಗಿಗಳು ಎಲ್ಲರೂ ಹೊಟ್ಟೆ ಹಿಡಿದುಕೊಂಡರು. ಬಾಗಿಲಲ್ಲಿ ಬಾಯಾರು ನಿಂತಿದ್ದರು. ಅವರು ನಗಲಿಲ್ಲ.

“ಇನ್ನೊಮ್ಮೆ ಮಾಡು,” ಅಂದರು.

ಬೈಗುಳದ ಪೀಠಿಕೆ ಎಂದುಕೊಂಡು ಮುಖ ಸರಿಮಾಡಿಕೊಂಡೆ. ಅವರು ಹತ್ತಿರ ಬಂದು ನನ್ನ ದವಡೆಯ ಮೇಲೆ ಬೆರಳಿಟ್ಟರು.

“ಮಾಡಂದೆ. ಹುಬ್ಬು ಹಿಂಗೇ ಏರಸ್ತಾನ, ಇಲ್ಲಾ ನೀ ಸೇರಿಸಿದ್ದು?”

“ಇಲ್ರೀ ಬಾಯಾರ, ಅಂವಾ ಹಿಂಗೇ ಇರ್ತಾನ್ರಿ.”

“ಬಾಜೂಕ ಯಾರರೆ ಕರದ್ರ ಹ್ಯಾಂಗ ನೋಡ್ತಾನ?”

ಕುತ್ತಿಗೆ ಹೊರಳಿಸದೆ ಇಡೀ ಮೈಯನ್ನೇ ತಿರುಗಿಸಿ ತೋರಿಸಿದೆ. ಯಾವಾಗಿನಿಂದ ಎಂದು ಕೇಳಿದರು. ನಿನ್ನೆ ಮುಂಜಾನೆಯಿಂದ ಎಂದೆ.

“ನಿನ್ನಿಯಿಂದ ಇಷ್ಟೆಲ್ಲಾ ನೋಡಿ, ನನಗ ಬಂದು ಹೇಳಲಿಲ್ಲ.”

ಅಷ್ಟು ಹೇಳಿ ಡಾಕ್ಟರರ ಕೋಣೆಯ ಕಡೆ ಓಡಿದರು. ಅವರು ಓಡಿದ್ದನ್ನು ನಾನು ಮೊದಲ ಸಲ ನೋಡಿದೆ. ಅದನ್ನು ಯಾವತ್ತೂ ನಕಲು ಮಾಡಿಲ್ಲ.

ಅದು ಧನುರ್ವಾಯು. ಡಾಕ್ಟರರು ಹಿಮ್ಮಡಿ ಕೊಯ್ದಾಗ ಜೋಳದ ಕಾಳಿನಷ್ಟು ಮುಳ್ಳಿನ ತುದಿ ಒಳಗೇ ಉಳಿದಿತ್ತು. ಸೂಜಿಮದ್ದು ಕೊಟ್ಟು, ಉಳಿದರೆ ಅವನ ಪುಣ್ಯ ಎಂದರು. ಈ ರೋಗಿಗೆ ಬೆಳಕು ಬೀಳಬಾರದು, ಸದ್ದು ಕೇಳಬಾರದು, ಬೇಕಿಲ್ಲದೆ ಯಾರೂ ಮುಟ್ಟಬಾರದು. ಯಾವುದಾದರೂ ಒಂದಾದರೆ ಮೈ ಬಿಲ್ಲಿನಂತೆ ಮೇಲೇಳುತ್ತದೆ, ತಲೆ ಮತ್ತು ಹಿಮ್ಮಡಿ ಮಾತ್ರ ಹಾಸಿಗೆಗೆ ತಾಗಿರುತ್ತವೆ. ಹಾಗೆ ಏಳುವಾಗಲೇ ಉಸಿರು ನಿಲ್ಲುವುದೂ ಉಂಟು. ಕೊನೆಯ ಕೋಣೆಯ ಕಿಟಕಿಗಳಿಗೆ ಕರಿ ಕಂಬಳಿ ಕಟ್ಟಿದರು. ಬಾಗಿಲಿನ ಕೀಲುಗಳಿಗೆ ಶೇಂಗಾ ಎಣ್ಣೆ ಬಿಟ್ಟರು. ಬಕೀಟಿನ ಹಿಡಿಕೆಗೂ ಅರಿವೆ ಸುತ್ತಿದರು. ಒಳಗೆ ಕೂಡಲು ಬಾಯಾರು ಆರಿಸಿದ್ದು ನನ್ನನ್ನು.

ಇಡೀ ದವಾಖಾನೆಯಲ್ಲಿ ಅತಿ ಹೆಚ್ಚು ಸದ್ದು ಮಾಡುವ ಪ್ರಾಣಿ ನಾನೇ ಎಂದು ನೆನಪಿಸಿದೆ.

“ನಿನಗ ನೋಡ್ಲಿಕ್ಕೆ ಬರ್ತದ,” ಅಂದರು. “ನೋಡು. ಬಾಯಿ ಹೊರಗ ಇಟ್ಟು ಬಾ.”

ಮೊದಲ ದಿನವೇ ನನ್ನ ಕೈಯಿಂದ ಚಮಚ ಜಾರಿತು. ಮುದುಕನ ಮೈ ಮಂಚದಿಂದ ಎದ್ದಿತು. ಹಲ್ಲು ಹಲ್ಲಿಗೆ ಉಜ್ಜುವುದು ಕೇಳಿಸಿತು, ತುಟಿಯಂಚಿನಲ್ಲಿ ರಕ್ತ ಬಂತು. ಅವನ ಮುಖ ಮಾತ್ರ ನಗುತ್ತಿರುವಂತೆಯೇ ಇತ್ತು. ನಾನು ಪಡಸಾಲೆಯಲ್ಲಿ ಮಾಡಿ ತೋರಿಸಿದ್ದು ಇದೇ ನಗುವನ್ನು. ಈ ರೋಗದಲ್ಲಿ ಎಚ್ಚರ ತಪ್ಪುವುದಿಲ್ಲ ಎಂದು ಬಾಯಾರು ಆಮೇಲೆ ಹೇಳಿದರು. ಎಲ್ಲವೂ ಕೇಳಿಸುತ್ತಿರುತ್ತದೆ, ಎಲ್ಲವೂ ತಿಳಿಯುತ್ತಿರುತ್ತದೆ. ಹಾಗಾದರೆ ಆ ಮಧ್ಯಾಹ್ನದ ನಗೆಯೂ ಅವನಿಗೆ ಕೇಳಿಸಿರಬೇಕು.

ಅಂದಿನಿಂದ ಕಾಲಿಗೆ ಅರಿವೆ ಕಟ್ಟಿಕೊಂಡೆ. ಕೆಮ್ಮು ಬಾರದಿರಲೆಂದು ಬಾಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡೆ. ಸೆಳೆತ ಬರುವ ಮೊದಲು ಅವನ ಎಡಗೈಯ ಹೆಬ್ಬೆರಳು ಒಳಗೆ ಮಡಚುತ್ತದೆಂದು ಎರಡು ದಿನದಲ್ಲಿ ಗೊತ್ತಾಯಿತು. ಹೆಬ್ಬೆರಳು ಮಡಚಿದರೆ ಮೂಗಿನ ನಳಿಗೆಯಲ್ಲಿ ಹಾಲು ಬಿಡುತ್ತಿದ್ದ ಬಾಯಾರಿಗೆ ಕೈ ಎತ್ತಿ ತೋರಿಸುತ್ತಿದ್ದೆ, ಅವರು ನಿಲ್ಲಿಸುತ್ತಿದ್ದರು. ಜೊಲ್ಲು ಒರೆಸಿದೆ, ಒದ್ದೆಯಾದದ್ದನ್ನು ಬದಲಿಸಿದೆ. ನನಗೆ ಹೇಸಿಗೆ ಆಗುತ್ತಿಲ್ಲ ಎಂಬುದು ಯಾವಾಗ ಗಮನಕ್ಕೆ ಬಂತೋ ನೆನಪಿಲ್ಲ.

ಎಂಟನೆಯ ದಿನವಿರಬೇಕು, ಅಪ್ಪ ಬಂದರು. ಅವರ ಮೆಟ್ಟು ನಡೆದರೆ ಕಿರ್ರೆನ್ನುತ್ತದೆ. ಔರಾದದಲ್ಲಿ ನಾನು ಬಹಳ ಸಲ ಬಾಯಿಂದ ನುಡಿಸಿದ ಸದ್ದು ಅದು. ಪಡಸಾಲೆಯ ಆ ತುದಿಯಲ್ಲಿ ಅದು ಕೇಳುತ್ತಲೇ ಮುದುಕನ ಹೆಬ್ಬೆರಳು ನೋಡಿದೆ. ಅವರು ಬಾಗಿಲು ಸರಿಸಿದಾಗ ನಾನು ಮುದುಕನ ಸೊಂಟದ ಕೆಳಗಿನ ತೊಯ್ದ ಬಟ್ಟೆಯನ್ನು ಎಳೆಯುತ್ತಿದ್ದೆ. ಒಂದು ಕೈಯಲ್ಲಿ ಬಟ್ಟೆ ಹಿಡಿದುಕೊಂಡೇ ಇನ್ನೊಂದರ ಬೆರಳನ್ನು ತುಟಿಯ ಮೇಲಿಟ್ಟೆ. ಅಪ್ಪನಿಗೆ ಸುಮ್ಮನಿರಲು ಹೇಳಿದವರು ನಮ್ಮ ಮನೆತನದಲ್ಲಿ ಯಾರೂ ಇರಲಿಲ್ಲ.

ಅವರು ಬಗ್ಗಿ ಮೆಟ್ಟು ಕಳಚಿ ಕೈಯಲ್ಲಿ ಹಿಡಿದುಕೊಂಡರು. ನಾನು ಬಟ್ಟೆ ಬದಲಿಸಿ, ಒರೆಸಿ, ಹೊದಿಸುವವರೆಗೂ ಗೋಡೆಗೆ ಒರಗಿ ನಿಂತಿದ್ದರು. ಅಷ್ಟು ಹೊತ್ತೂ ಹೆಬ್ಬೆರಳು ಮಡಚಲಿಲ್ಲ.

ಹೊರಗೆ ಬಂದ ಮೇಲೆ, ತಹಶೀಲ್ದಾರರು ಕರೆದಿದ್ದಾರೆ, ನಾಳೆಯೇ ಹಾಜರಾಗಬೇಕು ಎಂದರು. ನಾಳೆ ಆಗುವುದಿಲ್ಲ ಎಂದೆ.

“ಅಂವಾ ಉಳೀತಾನೇನು?”

“ಗೊತ್ತಿಲ್ರಿ ಅಪ್ಪಾ.”

ಅಪ್ಪ ಕಿಸೆಯಿಂದ ತಹಶೀಲ್ದಾರರ ಚೀಟಿ ತೆಗೆದು ನೋಡಿ ಮತ್ತೆ ಒಳಗಿಟ್ಟರು. ಮೆಟ್ಟು ಇನ್ನೂ ಕೈಯಲ್ಲೇ ಇತ್ತು.

“ಹುಟ್ಟಿದಾಗಿಂದ ನೀ ಇಷ್ಟೊತ್ತು ಸುಮ್ಮ ಇದ್ದದ್ದು ನಾ ನೋಡಿಲ್ಲ,” ಅಂದರು. “ನಿಮ್ಮವ್ವಗ ಏನಂತ ಹೇಳ್ಲಿ?” ಎಂದು ಕೇಳಿದರು.

“ಕೆಲಸದಾಗ ಅದಾನಂತ ಹೇಳ್ರಿ.”

ರೊಟ್ಟಿಯ ಗಂಟನ್ನು ಕೈಗಿಟ್ಟು ಹೊರಟರು. ಪಡಸಾಲೆ ದಾಟುವವರೆಗೂ ಬರಿಗಾಲಲ್ಲೇ ನಡೆದರು. ತಹಶೀಲ್ ಕಚೇರಿಯ ಕುರ್ಚಿ ಬೇರೆ ಯಾರಿಗೋ ಹೋಯಿತು.

ಮೂರನೆಯ ವಾರದಲ್ಲಿ ಸೆಳೆತಗಳು ದೂರ ದೂರವಾದವು. ದವಡೆ ಒಂದು ಬೆರಳಿನಷ್ಟು ಬಿಟ್ಟಿತು. ಕಿಟಕಿಯ ಒಂದು ಕಂಬಳಿ ಬಿಚ್ಚಿದ ದಿನ ಮುದುಕ ಮೊದಲು ತನ್ನ ಕುದುರೆಯನ್ನು ಕೇಳಿದ. ಗೊತ್ತಿಲ್ಲ ಎಂದೆ. ಮಗನನ್ನು ಕೇಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದ. ಈ ಸಲ ಕುತ್ತಿಗೆ ಮಾತ್ರ ತಿರುಗಿತು.

“ಅವತ್ತು ಹೊರಗ ನಗ್ಲತ್ತಿದ್ರು. ನನ್ನ ನಕಲ್ ಮಾಡಿದಾಂವ ನೀನೇ ಏನು?”

ಹೌದೆಂದೆ. ಮಾಫ್ ಮಾಡಿ ಎಂದೆ. ಅದು ಅವನಿಗೆ ಬೇಕಾಗಿರಲಿಲ್ಲ.

“ಮಾಡಿ ತೋರ್ಸು.”

“ನಕ್ಕೋ ಚಾಚಾ, ಬ್ಯಾಡ.”

“ತೋರ್ಸು ಬೇಟಾ. ಎಲ್ಲಾರೂ ನೋಡ್ಯಾರ, ನಾ ಒಬ್ಬಾಂವ ನೋಡಿಲ್ಲ.”

ಮಾಡಿದೆ. ಹಲ್ಲು ಕಚ್ಚಿದೆ, ತುಟಿ ಎಳೆದೆ, ಹುಬ್ಬು ಏರಿಸಿದೆ. ಪಡಸಾಲೆಯಲ್ಲಿ ಸುಲಭವಾಗಿ ಬಂದದ್ದು ಈಗ ಬರಲಿಲ್ಲ. ಕಿವಿಯ ಕೆಳಗಿನ ನರ ನಡುಗಿತು, ಕಣ್ಣಲ್ಲಿ ನೀರು ಬಂತು. ಆದರೂ ಅವನು ಸಾಕು ಎನ್ನುವವರೆಗೆ ಹಿಡಿದೆ. ಅವನು ನನ್ನ ಮುಖವನ್ನು ಕುದುರೆಯ ಗೊರಸು ನೋಡುವವನಂತೆ ಬಗ್ಗಿ ನೋಡಿದ.

“ನಗ್ಲಿಕ್ಕಾದ್ರೂ ನೀ ಒಬ್ಬ ನನ್ನ ನೋಡ್ದಿ,” ಅಂದ.

ಅದು ಕ್ಷಮೆಯೋ ಬೈಗುಳವೋ ನನಗೆ ಆಗ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ಅವನು ಗೋಡೆ ಹಿಡಿದು ನಡೆಯುವಂತಾದ ದಿನ ಬಾಯಾರು ನನ್ನ ಹೆಸರನ್ನು ಹೈದರಾಬಾದಿನ ನರ್ಸಿಂಗ್ ತರಬೇತಿಗೆ ಬರೆದು ಕಳಿಸಿದರು. ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ಬೇಡ ಎನ್ನುತ್ತಿರಲಿಲ್ಲ.

ಈಗ ಭಾಲ್ಕಿಯ ದವಾಖಾನೆಯಲ್ಲಿದ್ದೇನೆ. ಡಾಕ್ಟರರ ನಕಲು ಮಾಡುತ್ತೇನೆ, ತಾಲೂಕಿನ ಸಾಹೇಬರದು ಮಾಡುತ್ತೇನೆ, ಸೂಜಿ ಕಂಡು ಮೂರ್ಛೆ ಹೋದ ನನ್ನದೇ ಮೊದಲ ದಿನದ್ದನ್ನೂ ಮಾಡುತ್ತೇನೆ. ರೋಗಿಗಳದನ್ನು ಯಾರ ಮುಂದೆಯೂ ಮಾಡುವುದಿಲ್ಲ. ಆದರೆ ಎಲ್ಲಿ ನೋವೆಂದು ಹೇಳಲಾಗದವರು ಬಂದರೆ ಔಷಧಿಯ ಕಪಾಟಿನ ಹಿಂದೆ ಹೋಗಿ, ಅವರು ಕೂತಂತೆ ಕೂತು, ಅವರು ಉಸಿರಾಡಿದಂತೆ ಉಸಿರಾಡಿ, ನನ್ನ ಮೈಯಲ್ಲಿ ಎಲ್ಲಿ ಎಳೆಯುತ್ತದೆಂದು ನೋಡಿಕೊಳ್ಳುತ್ತೇನೆ. ಆಮೇಲೆ ಡಾಕ್ಟರರಿಗೆ ಹೋಗಿ ಹೇಳುತ್ತೇನೆ. ಇಲ್ಲಿನ ಕಂಪೌಂಡರ್ ಒಮ್ಮೆ ಅದನ್ನು ಕಂಡು, ನನಗೆ ತಲೆ ಕೆಟ್ಟಿದೆಯೆಂದು ಊರಿಗೆಲ್ಲ ಹೇಳಿದ್ದಾನೆ. ಹಾಗೆ ಹೇಳುವಾಗ ಅವನು ಮೂಗು ಕೆರೆದುಕೊಳ್ಳುವ ರೀತಿ ನನಗೆ ಬಹಳ ಚೆನ್ನಾಗಿ ಬರುತ್ತದೆ.